ಅಕ್ಕನಿಗೊಂದು ಅಳಿಲು

ಮಕ್ಕಳೇ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಪುಟ ಓದುವ ಅಜ್ಜ-ಅಜ್ಜಿಯರೇ,

ಕಳೆದ ವಾರದ ತೆಂಗಿನ ಗರಿಯ ಗಿರಗಿಟ್ಲೆ ತಿರುಗಿತೇ? ನಮ್ಮ ಮನೆಯದು ಮೂರು ದಿನ ಚೆನ್ನಾಗಿ ತಿರುಗಿತು. ನಾಲ್ಕನೆಯ ದಿನ ಗರಿ ಒಣಗಿ ಮುರುಟಿಕೊಂಡಿತು. ಹಸಿ ಗರಿಯ ಆಟಿಕೆಗೆ ಅಷ್ಟೇ ಆಯುಷ್ಯ. ಈ ವಾರ ಮಾಡುವ ವಸ್ತು ಹಾಗಲ್ಲ, ಜೋಪಾನ ಮಾಡಿದರೆ ಬಹಳ ವರ್ಷ ಉಳಿಯುತ್ತದೆ. ಅದೊಂದು ಕಾರ್ಡು. ಅದರ ಮೇಲೆ ನೀರಿನ ಬಣ್ಣದಲ್ಲಿ ಬಿಡಿಸಿದ ಒಂದು ಪುಟ್ಟ ಪ್ರಾಣಿ.

ಏನೇನು ಬೇಕು ಎಂದು ಹೇಳುವ ಮೊದಲು ಯಾರಿಗೆ ಎಂದು ಹೇಳಿಬಿಡುತ್ತೇನೆ. ಯಾರಿಗೆ ಎಂದು ಗೊತ್ತಿಲ್ಲದೆ ಮಾಡಿದ ಕಾರ್ಡು ಕಪಾಟಿನಲ್ಲೇ ಉಳಿದುಬಿಡುತ್ತದೆ.

ನನಗೊಬ್ಬಳು ಅಕ್ಕ ಇದ್ದಾಳೆ. ಸಾಗರದ ಹತ್ತಿರದ ಹಳ್ಳಿಯಲ್ಲಿ ವಾಸ. ನನಗೀಗ 74, ಅವಳಿಗೆ 81. ಎರಡು ವರ್ಷದಿಂದ ಅವಳಿಗೆ ಕಿವಿ ಮಂದವಾಗಿದೆ. ಎದುರು ಕೂತು ಮಾತಾಡಿದರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ. ಫೋನಿನಲ್ಲಿ ಮಾತ್ರ ಏನೂ ಸಾಗುವುದಿಲ್ಲ. ನಾನು ಮೈಸೂರಿನಿಂದ ಕಿರುಚುತ್ತೇನೆ, ಅವಳು ಅಲ್ಲಿಂದ "ಯಾರು? ಏನಂತೆ?" ಎನ್ನುತ್ತಾಳೆ. ನಾಲ್ಕು ಸಲ ಹಾಗಾದ ಮೇಲೆ, "ಆಯ್ತು, ಎಲ್ಲ ಚೆನ್ನಾಗಿದ್ದೀರಲ್ಲ, ಇಡ್ತೀನಿ" ಎಂದು ಇಟ್ಟುಬಿಡುತ್ತಾಳೆ. ಕೇಳಿಸಲಿಲ್ಲ ಎನ್ನಲು ಅವಳಿಗೆ ನಾಚಿಕೆ.

ಹಾಗಿದ್ದರೆ ಕಾಗದ ಬರೆಯಬಹುದಲ್ಲ ಎನ್ನುತ್ತೀರಿ. ಅಲ್ಲಿ ನನ್ನದೊಂದು ನಾಚಿಕೆ ಇದೆ. ನನ್ನ ಬಲಗೈ ನಡುಗುತ್ತದೆ. ಗಾಬರಿ ಪಡುವಂಥದ್ದಲ್ಲ, ವಯಸ್ಸಿನದು ಎಂದಿದ್ದಾರೆ ಡಾಕ್ಟರು. ಆದರೆ 31 ವರ್ಷ ಪ್ರಾಥಮಿಕ ಶಾಲೆಯ ಕರಿಹಲಗೆಯ ಮೇಲೆ ಮುತ್ತಿನಂಥ ಅಕ್ಷರ ಬರೆದ ಕೈ ಇದು. ಈಗ ಹಾಲಿನ ಲೆಕ್ಕ ಬರೆದರೆ ಹಾಲಿನವನಿಗೇ ಓದಲು ಆಗುವುದಿಲ್ಲ. ಕಳೆದ ದೀಪಾವಳಿಗೆ ಅಕ್ಕನಿಗೆಂದು ಶುರು ಮಾಡಿದ ಕಾಗದ ಮೂರು ಸಾಲಿಗೇ ನಿಂತು ಮೇಜಿನ ಖಾನೆಯಲ್ಲಿ ಕೂತಿತ್ತು. ಅವಳಿಗೆ ಕೇಳಿಸದು, ನನಗೆ ಬರೆಯಲಾಗದು. ಹೀಗೆ ಒಂದು ವರ್ಷ ಕಳೆಯಿತು.

ಮೊನ್ನೆ ಮೊಮ್ಮಗ ಪುಟ್ಟನಿಗೆ ರಜೆ ಬಂತು. ಐದನೆಯ ತರಗತಿ. ಅವನಿಗೊಂದು ಜಲವರ್ಣದ ಪೆಟ್ಟಿಗೆ ಬಂದಿದೆ. "ಅಜ್ಜಿ, ಏನಾದರೂ ಮಾಡೋಣ" ಎಂದ. "ದೊಡ್ಡಜ್ಜಿಗೆ ಒಂದು ಕಾರ್ಡು ಮಾಡೋಣ" ಎಂದೆ. ಯಾವ ಪ್ರಾಣಿ ಎಂಬುದಕ್ಕೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಅಕ್ಕನ ಹಿತ್ತಲಿನಲ್ಲಿ ಒಂದು ಪೇರಲೆ ಮರವಿದೆ, ಮೈಸೂರಿನ ಕಡೆ ಸೀಬೆ ಎನ್ನುತ್ತೇವಲ್ಲ, ಅದೇ. ಅದರ ತುಂಬ ಅಳಿಲುಗಳು. ಹಣ್ಣೆಲ್ಲ ಅವಕ್ಕೇ ಎಂದು ಅಕ್ಕ ಬೈಯುತ್ತಲೇ ಇರುತ್ತಾಳೆ, ಓಡಿಸುವುದು ಮಾತ್ರ ಇಲ್ಲ.

ಮೊದಲ ದಿನ ಏನಾಯಿತು ಎಂಬುದನ್ನೂ ಹೇಳಬೇಕು. ನಿಮ್ಮ ಮನೆಯಲ್ಲೂ ಹಾಗೆ ಆಗಬಹುದು. ಪುಟ್ಟ ನೋಟುಬುಕ್ಕಿನ ಹಾಳೆ ಹರಿದುಕೊಂಡು ಪೆನ್ಸಿಲಿನಲ್ಲಿ ಅಳಿಲು ಬರೆಯಲು ಕೂತ. ಕಿವಿ ಸರಿಯಿಲ್ಲ ಎಂದು ಅಳಿಸಿದ. ಕಾಲು ಸರಿಯಿಲ್ಲ ಎಂದು ಅಳಿಸಿದ. ಹಾಳೆ ತೆಳ್ಳಗಾಗಿ ತೂತು ಬಿತ್ತು. ಎರಡನೆಯ ಹಾಳೆಯಲ್ಲಿ ಗೆರೆಯೇನೋ ಬಂತು, ಗೆರೆ ದಾಟದ ಹಾಗೆ ಬಣ್ಣ ತುಂಬಲು ಹೋದ. ಹಾಳೆ ನೀರು ಕುಡಿದು ಹಪ್ಪಳದಂತೆ ಉಬ್ಬಿತು, ಕಂದು ಬಣ್ಣ ಕೆಸರಾಯಿತು. ಐದು ಹಾಳೆ ಹರಿದು ಎಸೆದು, "ನನಗೆ ಬರಲ್ಲ" ಎಂದು ಎದ್ದುಹೋದ. ಕಣ್ಣಲ್ಲಿ ನೀರಿತ್ತು.

ನಾನು ಹಿಂದೆ ಹೋಗಲಿಲ್ಲ. ಸಂಜೆ ಅವನೇ ಬಂದು ಪಕ್ಕದಲ್ಲಿ ಕೂತ ಮೇಲೆ ಒಂದೇ ಮಾತು ಕೇಳಿದೆ: "ಅಳಿಲನ್ನು ನೋಡಿದ್ದೀಯಾ?"

"ದಿನಾ ನೋಡ್ತೀನಿ."

"ಬೆನ್ನ ಮೇಲೆ ಎಷ್ಟು ಪಟ್ಟೆ?"

ಅವನು ಸುಮ್ಮನಾದ.

ಮಾರನೆಯ ದಿನ ಬೆಳಿಗ್ಗೆ ಕಾಂಪೌಂಡಿನ ಮೇಲೆ ನಾಲ್ಕು ಕಡಲೆಕಾಯಿ ಇಟ್ಟು ಇಬ್ಬರೂ ಕಿಟಕಿಯ ಒಳಗೆ ಕೂತೆವು. ನೀವೂ ಹಾಗೇ ಮಾಡಿ. ಬಣ್ಣಕ್ಕೆ ಕೈ ಹಾಕುವ ಮೊದಲು ಕಾಲು ಗಂಟೆ ಬರೀ ನೋಡುವುದು. ಫೋನಿನಲ್ಲಿ ಚಿತ್ರ ಹುಡುಕಬೇಡಿ, ನಿಮ್ಮ ಮನೆಯ ಹತ್ತಿರ ಬರುವ ಪ್ರಾಣಿಯನ್ನೇ ನೋಡಿ. ಅಳಿಲು ಇಲ್ಲದಿದ್ದರೆ ಬೆಕ್ಕು, ನಾಯಿಮರಿ, ಕರು, ಯಾವುದಾದರೂ ಆದೀತು.

ನಮಗೆ ಕಂಡದ್ದು ಇಷ್ಟು. ಬೆನ್ನ ಮೇಲೆ ಮೂರು ಬಿಳಿ ಪಟ್ಟೆ. ದಕ್ಷಿಣ ಭಾರತದ ನಮ್ಮ ಅಳಿಲಿಗೆ ಮೂರೇ, ಉತ್ತರ ಭಾರತದಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಜಾತಿಗೆ ಐದು. ಸೇತುವೆ ಕಟ್ಟಲು ಮರಳು ಹೊತ್ತ ಅಳಿಲಿನ ಬೆನ್ನನ್ನು ರಾಮ ಸವರಿದ, ಅವನ ಬೆರಳಿನ ಗುರುತೇ ಈ ಪಟ್ಟೆ ಎಂಬ ಕಥೆ ಗೊತ್ತಲ್ಲ? ಗೊತ್ತಿಲ್ಲದ ಮಕ್ಕಳು ಇವತ್ತೇ ಅಜ್ಜನನ್ನು ಕೇಳಿ. ಪಕ್ಕದಿಂದ ನೋಡಿದರೆ ಎರಡೇ ಪಟ್ಟೆ ಚೆನ್ನಾಗಿ ಕಾಣುತ್ತವೆ, ಮೂರನೆಯದು ಆಚೆ ಬದಿಗೆ ಮರೆಯಾಗುತ್ತದೆ. ಬಾಲ ಹೆಚ್ಚುಕಡಿಮೆ ಮೈಯಷ್ಟೇ ಉದ್ದ. ಮುಂದಿನ ಪಾದಕ್ಕೆ ನಾಲ್ಕು ಬೆರಳು, ಹಿಂದಿನದಕ್ಕೆ ಐದು. ಕೂತು ತಿನ್ನುವಾಗ ಮೈ ಗೇರುಬೀಜದ ಹಾಗೆ ಬಾಗುತ್ತದೆ. ಅದನ್ನು ಕಂಡುಹಿಡಿದವನು ಪುಟ್ಟ. "ಅಜ್ಜಿ, ಗೋಡಂಬಿ ತಿನ್ನೋ ಗೋಡಂಬಿ!" ಎಂದ. ತಿನ್ನುತ್ತಿದ್ದದ್ದು ಕಡಲೆಕಾಯಿ, ಇರಲಿ.

ಈಗ ಸಾಮಾನು ಜೋಡಿಸಿಕೊಳ್ಳೋಣ.

ಹಾಳೆ ಗಟ್ಟಿಯಾಗಿರಬೇಕು. ಸ್ಟೇಷನರಿ ಅಂಗಡಿಯಲ್ಲಿ "300 ಜಿಎಸ್‌ಎಂ ಜಲವರ್ಣದ ಹಾಳೆ" ಎಂದು ಕೇಳಿ. ಒಂದು ಚದರ ಮೀಟರ್ ಹಾಳೆ 300 ಗ್ರಾಂ ತೂಗುತ್ತದೆ ಎಂದು ಅದರ ಅರ್ಥ. ಒಂದು ಹಾಳೆಯಲ್ಲಿ ಹಲವು ಚಿತ್ರ ಆಗುತ್ತವೆ, 9 ಸೆಂಟಿಮೀಟರ್ ಅಗಲ 12 ಸೆಂಟಿಮೀಟರ್ ಉದ್ದದ ತುಂಡುಗಳಾಗಿ ಕತ್ತರಿಸಿ. ಕಾರ್ಡಿಗೆ ಬೇರೆಯೇ 200 ಜಿಎಸ್‌ಎಂ ಹಾಳೆ ಸಾಕು. ಚಿತ್ರವನ್ನು ಬೇರೆ ತುಂಡಿನಲ್ಲಿ ಬಿಡಿಸಿ ಆಮೇಲೆ ಕಾರ್ಡಿಗೆ ಅಂಟಿಸುವುದು ಒಳ್ಳೆಯದು. ಒಂದು ಅಳಿಲು ಕೆಟ್ಟರೆ ಇನ್ನೊಂದು ತುಂಡು ತೆಗೆದುಕೊಳ್ಳಬಹುದು, ಕಾರ್ಡು ಕೆಡುವುದಿಲ್ಲ.

ದುಂಡನೆಯ ಬ್ರಷ್ಷು ಎರಡು: 8ನೇ ನಂಬರಿನದು ಒಂದು, 2 ಅಥವಾ 3ನೇ ನಂಬರಿನದು ಇನ್ನೊಂದು. ಶಾಲೆಯ ಬಣ್ಣದ ಪೆಟ್ಟಿಗೆ ಸಾಕು, ಅದರಲ್ಲಿ ನಮಗೆ ಬೇಕಾದದ್ದು ಕಂದು ಮತ್ತು ನೀಲಿ ಎರಡೇ. ನೀರಿಗೆ ಎರಡು ಪಾತ್ರೆ ಬೇಕು. ಒಂದು ಬ್ರಷ್ಷು ತೊಳೆಯಲು, ಒಂದು ಶುದ್ಧ ನೀರಿಗೆ. ಒಂದನ್ನೇ ಎರಡಕ್ಕೂ ಬಳಸಿದರೆ ಬಣ್ಣ ಕೆಸರಾಗುತ್ತದೆ, ಪುಟ್ಟನಿಗೆ ಆದದ್ದು ಅದೇ. ಪಾತ್ರೆಯನ್ನು ತಾತನ ಕಾಫಿ ಲೋಟದ ಪಕ್ಕ ಮಾತ್ರ ಇಡಬೇಡಿ. ಇನ್ನು ಒಂದು ಹಳೆಯ ಹತ್ತಿ ಬಟ್ಟೆ, ಒಂದು ಹಲಗೆ, ಕಾಗದದ ಟೇಪು. ಚಿತ್ರದ ತುಂಡನ್ನು ನಾಲ್ಕು ಕಡೆಯೂ ಟೇಪಿನಿಂದ ಹಲಗೆಗೆ ಅಂಟಿಸಿಬಿಡಿ. ಹಾಳೆ ಉಬ್ಬುವುದು ಕಡಿಮೆಯಾಗುತ್ತದೆ, ಕೊನೆಗೆ ಟೇಪು ಬಿಚ್ಚಿದಾಗ ಸುತ್ತಲೂ ಚೊಕ್ಕ ಬಿಳಿ ಅಂಚು ಉಳಿಯುತ್ತದೆ.

ಪೆನ್ಸಿಲಿನಲ್ಲಿ ಮೂರೇ ಗುರುತು, ಅದೂ ಕಂಡೂ ಕಾಣದ ಹಾಗೆ. ಮೈಗೆ ಒಂದು ಗೇರುಬೀಜ. ತಲೆಗೆ ಅಡ್ಡ ಮಲಗಿದ ಒಂದು ನೇರಳೆ ಹಣ್ಣು. ಬಾಲಕ್ಕೆ ಬಾಗಿದ ಒಂದು ಗೆರೆ. ರಬ್ಬರನ್ನು ಇನ್ನೊಂದು ಕೋಣೆಯಲ್ಲಿ ಇಟ್ಟು ಬನ್ನಿ.

ಬಣ್ಣ ಎರಡು ಹದದಲ್ಲಿ ಕಲಸಿಕೊಳ್ಳಿ. ಒಂದು ತೆಳುವಾದದ್ದು: ಚೂರು ಕಂದು, ಬಹಳ ನೀರು, ತಿಳಿ ಚಹಾದ ಹಾಗೆ. ಇನ್ನೊಂದು ಗಾಢವಾದದ್ದು: ಹೆಚ್ಚು ಕಂದು, ಅದಕ್ಕೆ ಒಂದಿಷ್ಟು ನೀಲಿ, ಕಡಿಮೆ ನೀರು, ಕಾಫಿ ಡಿಕಾಕ್ಷನ್ನಿನ ಹಾಗೆ. ಕಂದಿಗೆ ನೀಲಿ ಸೇರಿದರೆ ಬೂದು ಛಾಯೆ ಬರುತ್ತದೆ, ಅಳಿಲಿನ ಮೈಬಣ್ಣ ಅದೇ. ಕಪ್ಪು ಬಣ್ಣ ಮುಟ್ಟಬೇಡಿ, ಅದು ಚಿತ್ರವನ್ನು ಮಂಕು ಮಾಡುತ್ತದೆ.

ಈಗ ಮುಖ್ಯ ವಿಷಯಕ್ಕೆ ಬಂದೆವು. ಬಿಳಿ ಪಟ್ಟೆಗೆ ಯಾವ ಬಣ್ಣ ಹಚ್ಚುತ್ತೀರಿ?

"ಬಿಳಿ" ಎಂದ ಪುಟ್ಟ. ಪೆಟ್ಟಿಗೆಯಲ್ಲಿ ಬಿಳಿ ಇದೆಯಲ್ಲ ಎಂದು ತೋರಿಸಿದ. ಆದರೆ ನೀರಿನ ಬಣ್ಣದಲ್ಲಿ ಅತ್ಯಂತ ಚೆಂದದ ಬಿಳಿ ಇರುವುದು ಪೆಟ್ಟಿಗೆಯಲ್ಲಲ್ಲ, ಹಾಳೆಯಲ್ಲಿ. ಪಟ್ಟೆ ಇರಬೇಕಾದ ಕಡೆ ಹಾಳೆಯನ್ನು ಹಾಗೇ ಬಿಡಬೇಕು. ಚಿತ್ರ ಬರೆಯುವುದಕ್ಕೆ ನಾವು 'ಬಿಡಿಸುವುದು' ಎನ್ನುತ್ತೇವೆ. ಗಂಟು ಬಿಡಿಸುತ್ತೇವೆ, ಬಟಾಣಿ ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ರಂಗೋಲಿ ಬಿಡಿಸುತ್ತೇವೆ. ಎಲ್ಲದರ ಒಳಗೂ 'ಬಿಡು' ಎಂಬುದು ಕೂತಿದೆ. ಇಷ್ಟು ವರ್ಷ ಪಾಠ ಹೇಳಿದರೂ ನನಗೆ ಇದು ಹೊಳೆದಿರಲಿಲ್ಲ. ಆ ದಿನ ಪುಟ್ಟನಿಗೆ ಹೇಳುವಾಗ ಹೊಳೆಯಿತು.

ದೊಡ್ಡ ಬ್ರಷ್ಷನ್ನು ತಿಳಿ ಬಣ್ಣದಲ್ಲಿ ಅದ್ದಿ ಕತ್ತಿನಿಂದ ಸೊಂಟದವರೆಗೆ ಒಂದೇ ಸಲ ಎಳೆಯಿರಿ. ಪಟ್ಟೆಯಷ್ಟು ಜಾಗ ಒಣಗಿದ ಹಾಗೇ ಬಿಟ್ಟು ಇನ್ನೊಂದು ಸಲ ಎಳೆಯಿರಿ. ಮತ್ತೆ ಬಿಟ್ಟು, ಮತ್ತೆ ಎಳೆಯಿರಿ. ಹೊಟ್ಟೆಯ ಹತ್ತಿರ ಬಣ್ಣ ಬೇಡ, ಬರೀ ನೀರು ಸಾಕು. ನೀರು ಒದ್ದೆಯಿದ್ದ ಕಡೆಗೆ ಮಾತ್ರ ಹರಿಯುತ್ತದೆ. ಒಣ ಹಾಳೆ ಅದಕ್ಕೆ ಗದ್ದೆಯ ಬದುವಿನ ಹಾಗೆ, ಅಲ್ಲಿಗೆ ಬಂದು ನಿಂತುಬಿಡುತ್ತದೆ. ಒಂದೆರಡು ಕಡೆ ಬದು ಒಡೆದು ಬಣ್ಣ ಪಟ್ಟೆಯೊಳಗೆ ನುಗ್ಗಿದರೆ ನುಗ್ಗಲಿ. ನಿಜವಾದ ಅಳಿಲಿನ ಪಟ್ಟೆಯೂ ಸ್ಕೇಲು ಇಟ್ಟು ಎಳೆದದ್ದಲ್ಲ.

ಬಣ್ಣ ಇನ್ನೂ ಒದ್ದೆಯಿರುವಾಗಲೇ ಸಣ್ಣ ಬ್ರಷ್ಷಿನ ತುದಿಯಲ್ಲಿ ಡಿಕಾಕ್ಷನ್ ಬಣ್ಣ ತೆಗೆದುಕೊಂಡು ಪಟ್ಟೆಗಳ ನಡುವೆ, ಕತ್ತಿನ ಕೆಳಗೆ, ತೊಡೆಯ ಹಿಂದೆ ಮುಟ್ಟಿಸಿ. ಮುಟ್ಟಿಸಿ ಅಷ್ಟೆ, ಉಜ್ಜಬೇಡಿ. ಬಣ್ಣ ತಾನಾಗಿ ಹರಡಿಕೊಳ್ಳುತ್ತದೆ. ಎಲ್ಲಿಗೆ ಹೋಗಬೇಕೆಂದು ಅದು ನಿಮ್ಮನ್ನು ಕೇಳುವುದಿಲ್ಲ. ಪುಟ್ಟನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದು. "ಅಜ್ಜಿ, ಅದು ಗೆರೆ ದಾಟ್ತಾ ಇದೆ!" ಎಂದು ಕೂಗಿದ. "ದಾಟಲಿ, ನಿನ್ನ ಕೈ ಹಿಂದಕ್ಕೆ ಕಟ್ಟಿಕೋ" ಎಂದೆ. ಕೈ ಕಟ್ಟಿಕೊಂಡು ಉಸಿರು ಹಿಡಿದು ನೋಡಿದ. ಗೇರುಬೀಜದ ಗೆರೆಯಾಚೆ ಬಣ್ಣ ಹರಿದ ಕಡೆ ಥೇಟ್ ತುಪ್ಪಳದ ಹಾಗೇ ಕಂಡಿತು.

ಇನ್ನು ಬಾಲ. ಅಳಿಲಿನ ಅಂದವೆಲ್ಲ ಬಾಲದಲ್ಲಿದೆ. ಮೊದಲು ಬಾಲದ ಆಕಾರಕ್ಕೆ ಶುದ್ಧ ನೀರು ಮಾತ್ರ ಹಚ್ಚಿ. ತಕ್ಷಣ ಬಣ್ಣ ಹಾಕಬೇಡಿ. ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನೀರು ಕೊಳದಂತೆ ನಿಂತಿದ್ದರೆ ಕಾಯಿರಿ. ಆಗತಾನೇ ಒರೆಸಿದ ನೆಲದ ಹಾಗೆ ಬರೀ ಹೊಳಪು ಉಳಿದಾಗ ಹದ ಬಂತೆಂದು ತಿಳಿಯಿರಿ. ಆಗ ಬಾಲದ ನಡುವೆ ಗಾಢ ಬಣ್ಣದ ಬ್ರಷ್ಷನ್ನು ಸಣ್ಣ ಸಣ್ಣದಾಗಿ ಮುಟ್ಟಿಸುತ್ತಾ ಹೋಗಿ. ಬಣ್ಣ ಎರಡೂ ಬದಿಗೆ ಕೂದಲಿನಂತೆ ಬಿಚ್ಚಿಕೊಳ್ಳುತ್ತದೆ. ನೀರು ಹೆಚ್ಚಿದ್ದರೆ ಎಲ್ಲ ಹರಿದು ಮಾಸಲಾಗುತ್ತದೆ. ಪೂರ್ತಿ ಒಣಗಿದ್ದರೆ ಗಟ್ಟಿ ಗೆರೆಯಾಗುತ್ತದೆ. ದೋಸೆಯ ಕಾವಲಿಯ ಹದದ ಹಾಗೆ ಇದೂ ಎರಡು ಮೂರು ಕೆಟ್ಟ ಮೇಲೆ ಕೈಗೆ ಸಿಗುತ್ತದೆ.

ಬಾಲದ ಹತ್ತಿರ ಬಂದಾಗ ಪುಟ್ಟ ಹಿಂಜರಿದ. ಮೈ ಚೆನ್ನಾಗಿ ಬಂದಿತ್ತು, ಅದನ್ನು ಕೆಡಿಸಿಬಿಟ್ಟೇನೆಂಬ ಭಯ. "ಅಜ್ಜಿ, ಬಾಲ ನೀನು ಮಾಡು" ಎಂದು ಬ್ರಷ್ಷು ಚಾಚಿದ.

ನಾನು ಎರಡು ವರ್ಷದಿಂದ ಬ್ರಷ್ಷು ಹಿಡಿದಿರಲಿಲ್ಲ. "ನನ್ನ ಕೈ ನಡುಗುತ್ತಲ್ಲೋ" ಎಂದೆ.

"ಬಾಲಾನೂ ನಡುಗುತ್ತಲ್ಲ. ಬೆಳಿಗ್ಗೆ ನೋಡಿದ್ವಲ್ಲ, ಚಿಕ್ ಚಿಕ್ ಅನ್ನುವಾಗ."

ಸಮಾಧಾನ ಮಾಡಲು ಹೇಳಿದ ಮಾತಲ್ಲ ಅದು. ಕಂಡದ್ದನ್ನು ಹೇಳಿದ ಅಷ್ಟೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೈಯನ್ನು ಮೇಜಿನ ಮೇಲೆ ಊರಿ, ಬ್ರಷ್ಷು ತೆಗೆದುಕೊಂಡೆ. ಒದ್ದೆ ಹಾಳೆಗೆ ತುದಿ ಮುಟ್ಟಿತು. ಕೈ ಎಂದಿನಂತೆ ನಡುಗಿತು. ಒಂದು ಕಡೆ ಇಡಬೇಕಾದ ಚುಕ್ಕೆ ನಾಲ್ಕು ಕಡೆ ಬಿತ್ತು. ಒದ್ದೆಯಲ್ಲಿ ಆ ನಾಲ್ಕೂ ಒಂದಕ್ಕೊಂದು ಕೂಡಿಕೊಂಡು ಮೃದುವಾಗಿ ಹರಡಿದವು. ಅಂಚಿನ ಒಣ ಹಾಳೆಗೆ ತಾಗಿದ ಕಡೆ ಸಣ್ಣ ಸಣ್ಣ ಕೂದಲು ಎದ್ದವು. ಸರಿಯಾದ ಕೈ ಇದ್ದವರು ಒಂದೊಂದಾಗಿ ಎಳೆಯಬೇಕಾದ ಕೂದಲು ನನಗೆ ಕೇಳದೆಯೇ ಬಂದವು. ಆ ಕೈಯಿಂದ ಅಕ್ಷರ ಬರದು. ಬಾಲ ಬಂತು.

ಕೈ ನಡುಗುವ ಅಜ್ಜ-ಅಜ್ಜಿಯರಿಗೆ ಇಲ್ಲಿ ಮೂರು ಮಾತು. ದೊಡ್ಡ ಬ್ರಷ್ಷನ್ನೇ ಹಿಡಿಯಿರಿ. ಮುಂಗೈ ಪೂರ್ತಿ ಮೇಜಿನ ಮೇಲೆ ಊರಿರಲಿ. ಒಣ ಹಾಳೆಗಿಂತ ಒದ್ದೆ ಹಾಳೆಯ ಮೇಲೆ ಕೆಲಸ ಮಾಡಿ. ಕಣ್ಣು ಮೂಗಿನಂಥ ಸೂಕ್ಷ್ಮವನ್ನು ಮೊಮ್ಮಕ್ಕಳಿಗೆ ಬಿಡಿ.

ಬಾಲವಾದ ಮೇಲೆ ಎಲ್ಲರೂ ಎದ್ದುಹೋಗಬೇಕು. ಬಿಸಿಲಿಗೆ ಇಡಬೇಡಿ, ಫ್ಯಾನಿನ ಕೆಳಗೆ ಊದಿಸಬೇಡಿ, ನೆರಳಲ್ಲಿ ಅದರಷ್ಟಕ್ಕೆ ಒಣಗಲಿ. ಅರ್ಧ ಗಂಟೆಯ ನಂತರ ಬೆರಳಿನ ಹಿಂಬದಿಯನ್ನು ಹಾಳೆಗೆ ಮೆಲ್ಲನೆ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದರ್ಥ.

ಪೂರ್ತಿ ಒಣಗಿದ ಮೇಲೆ ಕಣ್ಣು. ಡಿಕಾಕ್ಷನ್ ಬಣ್ಣವನ್ನು ಇನ್ನಷ್ಟು ಗಟ್ಟಿ ಮಾಡಿ ಸಣ್ಣ ಬ್ರಷ್ಷಿನಲ್ಲಿ ಒಂದು ದುಂಡು. ಅದರೊಳಗೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಯನ್ನು ಹಾಗೇ ಬಿಡಬೇಕು, ಆ ಚುಕ್ಕೆಯಿಂದಲೇ ಅಳಿಲಿಗೆ ಜೀವ ಬರುವುದು. ಮೂಗಿಗೆ ಒಂದು ಚುಕ್ಕೆ, ಪಾದಗಳಿಗೆ ನಾಲ್ಕಾರು ಸಣ್ಣ ಗೆರೆ. ಕೈಯಲ್ಲಿ ಒಂದು ಹಣ್ಣು ಕೊಡುವುದಾದರೆ ತಿಳಿ ಹಸಿರಿನ ಒಂದು ಬೊಟ್ಟು. ಅಲ್ಲಿಗೆ ನಿಲ್ಲಿಸಿ. 'ಇನ್ನೊಂದು ಚೂರು ಸರಿಮಾಡೋಣ' ಎಂದು ಅನಿಸುತ್ತದಲ್ಲ, ಆಗಲೇ ಬ್ರಷ್ಷು ತೊಳೆದು ಇಟ್ಟುಬಿಡಬೇಕು. ನಾವು ಮೂರು ಅಳಿಲು ಬಿಡಿಸಿದೆವು. ಒಂದರಲ್ಲಿ ಪುಟ್ಟ ಮೀಸೆ ಸರಿಮಾಡಲು ಹೋಗಿ ಅದು ಹೆಗ್ಗಣವಾಯಿತು. ಅದನ್ನೂ ಎಸೆಯಲಿಲ್ಲ, ಅವನ ತಾತನ ಪುಸ್ತಕಕ್ಕೆ ಗುರುತಿನ ಚೀಟಿಯಾಗಿದೆ.

ತಪ್ಪಾದರೆ ಏನು ಮಾಡುವುದು? ಬಣ್ಣ ಹೆಚ್ಚು ಬಿದ್ದರೆ ಒದ್ದೆಯಿರುವಾಗಲೇ ಬಟ್ಟೆಯ ತುದಿಯಿಂದ ಒತ್ತಿ ತೆಗೆಯಿರಿ. ಅರ್ಧ ಒಣಗಿದ ಬಣ್ಣದ ಮೇಲೆ ನೀರಿನ ಹನಿ ಬಿದ್ದರೆ ಹೂಕೋಸಿನ ಹಾಗೆ ಅಂಚು ಮೂಡುತ್ತದೆ. ಮೂಡಲಿ ಬಿಡಿ, ನೋಡಿದವರು ಬೇಕೆಂದೇ ಮಾಡಿದ್ದು ಎಂದುಕೊಳ್ಳುತ್ತಾರೆ.

ಚಿತ್ರ ಒಣಗುವ ಹೊತ್ತಿನಲ್ಲಿ ಪುಟ್ಟನಿಗೆ ಒಂದು ಸಂಗತಿ ಹೇಳಿದೆ. ನಿಮಗೂ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಬಿಯಾಟ್ರಿಕ್ಸ್ ಪಾಟರ್ ಎಂಬವರಿದ್ದರು. ಅವರಿಗೆ ಪಾಠ ಹೇಳಿದ್ದ ಶಿಕ್ಷಕಿಯ ಮಗ ನೋಯೆಲ್ ಎಂಬ ಐದು ವರ್ಷದ ಹುಡುಗ 1893ರಲ್ಲಿ ಕಾಯಿಲೆ ಬಿದ್ದು ಮಲಗಿದ್ದ. ಅವನಿಗೆ ಪಾಟರ್ ಒಂದು ಕಾಗದ ಬರೆದರು. ಹೇಳಲು ವಿಶೇಷ ಸುದ್ದಿಯೇನೂ ಇರಲಿಲ್ಲ. ಹಾಗಾಗಿ ಮೊಲದ ಮರಿಗಳ ಒಂದು ಕಥೆ ಕಟ್ಟಿ, ನಡುನಡುವೆ ಚಿತ್ರ ಬಿಡಿಸಿ ಕಳಿಸಿದರು. ಹುಡುಗ ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ವರ್ಷಗಳ ನಂತರ ಪಾಟರ್ ಅದನ್ನು ಅವನಿಂದ ಎರವಲು ಪಡೆದು ಪುಸ್ತಕ ಮಾಡಿದರು. 1902ರಲ್ಲಿ ಬಣ್ಣದ ಚಿತ್ರಗಳೊಂದಿಗೆ ಅಂಗಡಿಗೆ ಬಂದ ಪೀಟರ್ ಎಂಬ ಮೊಲದ ಆ ಪುಸ್ತಕವನ್ನು ಲೋಕದ ಮಕ್ಕಳೆಲ್ಲ ಇವತ್ತಿಗೂ ಓದುತ್ತಾರೆ. ಮರುವರ್ಷ ಬಂದ ಅವರ ಅಳಿಲಿನ ಪುಸ್ತಕವೂ ನೋಯೆಲ್‌ನ ತಂಗಿಗೆ ಬರೆದ ಇಂಥದೇ ಚಿತ್ರದ ಕಾಗದದಿಂದ ಹುಟ್ಟಿದ್ದು. ಅವೆಲ್ಲ ಒಂದೊಂದು ಮಗುವಿಗೆಂದು ಬರೆದ ಕಾಗದಗಳು.

ಈಗ ಕಾರ್ಡು. 200 ಜಿಎಸ್‌ಎಂನ ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ. ಒಂದು ಅರ್ಧವನ್ನು ಮತ್ತೆ ಮಧ್ಯಕ್ಕೆ ಮಡಿಸಬೇಕು. ಗಟ್ಟಿ ಹಾಳೆಯನ್ನು ಹಾಗೇ ಮಡಿಸಿದರೆ ಬಿರುಕು ಬಿಡುತ್ತದೆ. ಇಂಕು ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲು ಇಟ್ಟು ಒಂದು ಗೀರು ಎಳೆದು, ಆ ಗೀರಿನ ಗುಂಟ ಮಡಿಸಿ. ಚಿತ್ರವನ್ನು ಅಂಟಿಸಲು ಕಡ್ಡಿಯ ಹಾಗಿರುವ ಗಟ್ಟಿ ಅಂಟು ಒಳ್ಳೆಯದು, ನೀರಾದ ಅಂಟು ಹಾಳೆಯನ್ನು ಸುಕ್ಕುಗಟ್ಟಿಸುತ್ತದೆ. ಅಂಟಿಸಿದ ಮೇಲೆ ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಇಡಿ.

ಮಕ್ಕಳೇ, ನಿಮಗೊಂದು ಲೆಕ್ಕ. ಅಂಚೆಗೆ ಹಾಕುವ ಮುಂಚೆ ನಾವು ಇದನ್ನು ಬಿಡಿಸಿದೆವು. ಎ4 ಹಾಳೆ ಒಂದು ಚದರ ಮೀಟರಿನ 16ರಲ್ಲಿ ಒಂದು ಭಾಗ. 200 ಜಿಎಸ್‌ಎಂನ ಎ4 ಹಾಳೆಯ ತೂಕ ಎಷ್ಟು? 200 ಭಾಗಿಸು 16, ಅಂದರೆ ಹನ್ನೆರಡೂವರೆ ಗ್ರಾಂ. ಅದರಲ್ಲಿ ಅರ್ಧ ನಮ್ಮ ಕಾರ್ಡು, ಸುಮಾರು 6 ಗ್ರಾಂ. ಚಿತ್ರದ ತುಂಡು ಸುಮಾರು 3 ಗ್ರಾಂ, ಅದನ್ನು ಹೇಗೆ ಲೆಕ್ಕ ಹಾಕಿದೆವು ಎಂದು ನೀವೇ ಕಂಡುಹಿಡಿಯಿರಿ. ಸಾಧಾರಣ ಅಂಚೆಯ ಲಕೋಟೆ 20 ಗ್ರಾಂ ದಾಟಿದರೆ ಹೆಚ್ಚು ಸ್ಟಾಂಪು ಬೇಕಾಗುತ್ತದೆ. ನಮ್ಮ ಕಾರ್ಡು ಲಕೋಟೆಯ ಸಮೇತ ಅದರೊಳಗೇ ಬಂತು, ಇನ್ನೂ ಒಂದಿಷ್ಟು ಗ್ರಾಂ ಉಳಿಯಿತು. ಉಳಿದ ತೂಕಕ್ಕೆ ಒಂದು ಅಂಚೆ ಕಾರ್ಡು ಸೇರಿಸಿದೆವು. ಅದರ ಮೇಲೆ ನಮ್ಮ ವಿಳಾಸವನ್ನು ಪಿನ್‌ಕೋಡ್ ಸಮೇತ ಪುಟ್ಟ ಬರೆದಿಟ್ಟ, ದೊಡ್ಡಜ್ಜಿ ಉತ್ತರ ಬರೆಯಲು ಅಂಗಡಿಗೆ ಓಡಬಾರದಲ್ಲ.

ಒಳಗೆ ಏನು ಬರೆಯುವುದು? ಉಪದೇಶ ಬೇಡ, 'ಶುಭಾಶಯಗಳು' ಎಂಬ ಒಂದೇ ಮಾತೂ ಬೇಡ. ಒಂದು ಸುದ್ದಿ, ಒಂದು ನೆನಪು, ಒಂದು ಪ್ರಶ್ನೆ, ಇಷ್ಟು ಸಾಕು. ಪ್ರಶ್ನೆ ಇದ್ದರೆ ಉತ್ತರ ಬರುತ್ತದೆ. ವಯಸ್ಸಾದವರಿಗೆ ಬರೆಯುವಾಗ ಅಕ್ಷರ ದೊಡ್ಡದಿರಲಿ, ಇಂಕು ಕಪ್ಪಿರಲಿ, ಸಾಲುಗಳ ನಡುವೆ ಜಾಗವಿರಲಿ. ನಾನು ಹೇಳಿದೆ, ಪುಟ್ಟ ಬರೆದ. ಅವನ ಶಾಲೆಯ ಸುದ್ದಿ ಒಂದು ಸಾಲು. ನಾವಿಬ್ಬರೂ ಚಿಕ್ಕವರಿದ್ದಾಗ ಅಕ್ಕ ಪೇರಲೆ ಮರದಿಂದ ಬಿದ್ದು, ಅಪ್ಪನಿಗೆ ಹೇಳಬೇಡ ಎಂದು ನನ್ನ ಬಾಯಿಗೆ ಹಣ್ಣು ತುರುಕಿದ್ದು ಒಂದು ಸಾಲು. ಈ ವರ್ಷ ಹಣ್ಣು ಹೇಗಿದೆ ಎಂಬುದು ಪ್ರಶ್ನೆ. ಕೆಳಗೆ ಸಹಿ ಮಾತ್ರ ನನ್ನದು. ಗೀಚಿದ ಹಾಗೆ ಬಂತು, ಇರಲಿ ಎಂದು ಬಿಟ್ಟೆ.

ಹನ್ನೊಂದು ದಿನಕ್ಕೆ ಅಂಚೆ ಕಾರ್ಡು ಮರಳಿ ಬಂತು. ಪುಟ್ಟ ಗೇಟಿನಿಂದಲೇ ಓದುತ್ತಾ ಓಡಿಬಂದ. ಅಕ್ಕನ ಅಕ್ಷರ, ಒಂದೊಂದೂ ಕಡಲೆಕಾಳಿನ ಗಾತ್ರದ್ದು. "ಅಳಿಲು ಬಂದು ಸೇರಿತು. ಗೋಡೆಗೆ ಅಂಟಿಸಿದ್ದೇನೆ. ಮುಖ ಪುಟ್ಟ ಬರೆದದ್ದು, ಬಾಲ ನೀನು ಬರೆದದ್ದು. ಪೇರಲೆ ಕಾಯಿ ಕಚ್ಚಿದೆ. ನನಗೆ ಫೋನು ಕೇಳಿಸುವುದಿಲ್ಲ ಮಾರಾಯ್ತಿ, ಹೀಗೇ ಕಳಿಸುತ್ತಾ ಇರು."

ನನ್ನ ಕೈ ನಡುಗುತ್ತದೆ ಎಂದು ನಾನು ಅವಳಿಗೆ ಹೇಳಿರಲಿಲ್ಲ. ಕೇಳಿಸುವುದಿಲ್ಲ ಎಂದು ಅವಳೂ ನನಗೆ ಹೇಳಿರಲಿಲ್ಲ. ಇಬ್ಬರದೂ ಒಂದೇ ಕಾರ್ಡಿನಲ್ಲಿ ಮುಗಿಯಿತು. ಈಗ ತಿಂಗಳಿಗೊಂದು ಪ್ರಾಣಿ ಎಂದು ಮಾತಾಗಿದೆ. ಮುಂದಿನದು ಎಮ್ಮೆ. ಎಮ್ಮೆಗೆ ಬಾಲ ಸಣ್ಣದು, ಅದನ್ನು ಪುಟ್ಟನೇ ಮಾಡುತ್ತಾನಂತೆ. ಮೈ ನನ್ನ ಪಾಲಿಗೆ.

ನಿಮಗೂ ಹೀಗೆ ಫೋನು ಕೇಳಿಸದ, ಬಹಳ ದಿನದಿಂದ ಮಾತು ನಿಂತುಹೋದ ಒಬ್ಬರು ಇದ್ದೇ ಇರುತ್ತಾರೆ. ಈ ಭಾನುವಾರ ಅವರ ಹೆಸರನ್ನು ಮೊದಲು ಲಕೋಟೆಯ ಮೇಲೆ ಬರೆದಿಡಿ, ಆಮೇಲೆ ಬಣ್ಣಕ್ಕೆ ಕೂರಿ.

ಮುಂದಿನ ವಾರ ಹಳೆಯ ಕ್ಯಾಲೆಂಡರಿನಿಂದ ಲಕೋಟೆ ಮಾಡುವುದನ್ನು ಹೇಳಿಕೊಡುತ್ತೇನೆ. ದಪ್ಪ ಹಾಳೆಯ ಎರಡು ತಿಂಗಳನ್ನು ಹರಿಯದೆ ಎತ್ತಿಟ್ಟುಕೊಂಡಿರಿ. ಒಂದು ಚಮಚ ಮೈದಾ ಹಿಟ್ಟನ್ನೂ ಅಮ್ಮನನ್ನು ಕೇಳಿ ಇಟ್ಟುಕೊಳ್ಳಿ.